ಒಕ್ಕೂಟ ದೇಶಗಳ ಜನಾಂಗೀಯ ಗಲಭೆ: ಬೇರು ಹುಡುಕುವುದು ಹೇಗೆ?

ಪದವಿ ವಿದ್ಯಾರ್ಥಿಗಳಿಗೆ ರಾಜ್ಯಶಾಸ್ತ್ರ ಹೇಳಿಕೊಡುವ ನಾನು, ಗಲಭೆಯ ಪಾಠ ಬಂದಾಗ ಒಂದು ಮಾತನ್ನು ಮೊದಲೇ ದೂರ ಇಡಿಸುತ್ತೇನೆ: ‘ಅವರಿಗೂ ಇವರಿಗೂ ತಲೆತಲಾಂತರದ ದ್ವೇಷ.’ ಈ ಮಾತು ಬಂತೆಂದರೆ ಯಾರು ಹೊಣೆ ಎಂದು ಕೇಳುವವರೇ ಇರುವುದಿಲ್ಲ.

ಮೊದಲು ಇದನ್ನು ಕೇಳಿ: ‘ಇವರು ಇಲ್ಲಿಯವರು’ ಎಂಬ ಕಾಗದ ಕೊಡುವವರು ಯಾರು? ನೈಜೀರಿಯಾದ ಜೋಸ್ ನಗರ ನೋಡಿ. ಬ್ರಿಟಿಷರ ಕಾಲದಲ್ಲಿ ತವರದ ಗಣಿಗಳಿಂದಾಗಿ ನಾನಾ ಕಡೆಯ ಜನ ಬಂದು ಅಲ್ಲೇ ನೆಲೆ ನಿಂತರು. ಅವರ ಮೊಮ್ಮಕ್ಕಳು ಅಲ್ಲೇ ಹುಟ್ಟಿ ಬೆಳೆದರೂ ಸ್ಥಳೀಯ ಸರ್ಕಾರದ ಕಚೇರಿಯಲ್ಲಿ ‘ಮೂಲನಿವಾಸಿ’ ಪ್ರಮಾಣಪತ್ರ ಸಿಗುವುದು ಕಷ್ಟ. ಆ ಪತ್ರ ಇಲ್ಲದಿದ್ದರೆ ರಾಜ್ಯ ಸರ್ಕಾರದ ನೌಕರಿ, ವಿದ್ಯಾರ್ಥಿವೇತನ, ವಿಶ್ವವಿದ್ಯಾಲಯದ ಸೀಟು ಎಲ್ಲಕ್ಕೂ ಅಡ್ಡಿ. ಅಂದಮೇಲೆ ಆ ಕಚೇರಿ ಯಾರ ಕೈಯಲ್ಲಿದೆ ಅನ್ನುವುದು ಹೊಟ್ಟೆಪಾಡಿನ ಪ್ರಶ್ನೆಯೇ ಅಲ್ವಾ? 1991ರಲ್ಲಿ ಜೋಸ್ ನಾರ್ತ್ ಎಂಬ ಹೊಸ ಸ್ಥಳೀಯಾಡಳಿತ ಬಂದ ಮೇಲೆ ‘ಮೂಲನಿವಾಸಿ’ಗಳಿಗೂ ಬಂದು ನೆಲೆಸಿದವರಿಗೂ ಇದ್ದ ಜಗಳ ಇನ್ನೂ ಬಿಗಿಯಾಯಿತು. 2001ರ ಸೆಪ್ಟೆಂಬರಿನಲ್ಲಿ ಕೆಲವೇ ದಿನಗಳಲ್ಲಿ ಸುಮಾರು 1,000 ಜನ ಸತ್ತರು. 2008ರ ನವೆಂಬರಿನಲ್ಲಿ ಸ್ಥಳೀಯ ಚುನಾವಣೆಯ ಬೆನ್ನಿಗೇ ಮತ್ತೆ ನೂರಾರು ಹೆಣ ಬಿದ್ದವು. ಹೊರಗಿನವರಿಗೆ ಕಂಡದ್ದು ಜಾಸ್ತಿ ಕ್ರೈಸ್ತ–ಮುಸ್ಲಿಂ ಜಗಳ. ಧರ್ಮವೂ ಇತ್ತು, ನಿಜ. ಆದರೆ ಆ ಪ್ರಮಾಣಪತ್ರವನ್ನು ಬಿಟ್ಟು ಜೋಸ್ ಅರ್ಥವಾಗುವುದಿಲ್ಲ.

ಆಮೇಲೆ ಹಿಂದಿನ ವರ್ಷಗಳನ್ನು ಕೆದಕಿ. ಕೊಟ್ಟ ಅಧಿಕಾರವನ್ನು ಕೇಂದ್ರ ಯಾವಾಗ ಕಿತ್ತುಕೊಂಡಿತು? 1952ರಲ್ಲಿ ಎರಿಟ್ರಿಯಾ ಇಥಿಯೋಪಿಯಾದ ಜೊತೆ ಒಕ್ಕೂಟವಾಗಿ ಸೇರಿತು. 1962ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿ ಆ ಒಕ್ಕೂಟವನ್ನೇ ರದ್ದು ಮಾಡಿದರು. ಎರಿಟ್ರಿಯಾದ ಸ್ವಾತಂತ್ರ್ಯ ಯುದ್ಧ ಮುಗಿದದ್ದು 1991ರಲ್ಲಿ. ಯುಗೊಸ್ಲಾವಿಯಾ ಒಕ್ಕೂಟದಲ್ಲಿ ಸರ್ಬಿಯಾದ ಭಾಗವಾಗಿದ್ದ ಕೊಸೊವೊದ ಸ್ವಾಯತ್ತತೆಗೆ ಕತ್ತರಿ ಬಿದ್ದದ್ದು 1989ರಲ್ಲಿ. ಅಲ್ಲೂ ಮುಂದೆ ಯುದ್ಧವೇ ಆಯಿತು.

ಹಾಗಂತ ಭಾಷೆಗೊಂದು ರಾಜ್ಯ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಇಥಿಯೋಪಿಯಾದ 1995ರ ಸಂವಿಧಾನ ಜನಾಂಗ, ಭಾಷೆ ನೋಡಿ ರಾಜ್ಯಗಳನ್ನು ಮಾಡಿ, ಒಕ್ಕೂಟದಿಂದ ಬೇರೆಯಾಗುವ ಹಕ್ಕನ್ನೂ ಕೊಟ್ಟಿತು. ಆದರೆ ಗೆರೆ ಎಲ್ಲಿ ಎಳೆದರೂ ಆಚೆ ಕಡೆಯವರು ಒಂದಷ್ಟು ಜನ ಈಚೆ ಉಳಿಯುತ್ತಾರೆ. ಅಲ್ಲಿನ ಟಿಗ್ರೇ ರಾಜ್ಯದ ಪಶ್ಚಿಮ ಭಾಗ ನಮ್ಮದೆಂದು ಪಕ್ಕದ ಅಮ್ಹಾರಾ ರಾಜ್ಯದವರು ಹೇಳುತ್ತಲೇ ಬಂದಿದ್ದರು. 2020ರ ನವೆಂಬರಿನಲ್ಲಿ ಕೇಂದ್ರಕ್ಕೂ ಟಿಗ್ರೇಗೂ ಯುದ್ಧ ಶುರುವಾದ ಮೇಲೆ ಅಲ್ಲಿಂದ ಲಕ್ಷಾಂತರ ಟಿಗ್ರೇಯರನ್ನು ಓಡಿಸಲಾಯಿತು. ಅದಕ್ಕೇ ನಕ್ಷೆ ನೋಡುವಾಗ ಗೆರೆಯ ಎರಡೂ ಬದಿಯ ಅಲ್ಪಸಂಖ್ಯಾತರನ್ನು ಗುರುತು ಹಾಕಿಕೊಳ್ಳಿ.

ಇನ್ನು ಪೊಲೀಸರು. ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಇಲ್ಲಿಯೇ. ನೈಜೀರಿಯಾದಲ್ಲಿ ಪೊಲೀಸ್ ಇಲಾಖೆ ಕೇಂದ್ರದ್ದು. ಹಾಗಾಗಿ ರಾಜ್ಯ ಸರ್ಕಾರ ನಡೆಸುವ ಚುನಾಯಿತ ಗವರ್ನರ್ ‘ಪೊಲೀಸರು ನನ್ನ ಕೈಯಲ್ಲಿಲ್ಲ’ ಎಂದು ಜಾರಿಕೊಳ್ಳಬಹುದು, ಕೇಂದ್ರ ‘ಅದು ಸ್ಥಳೀಯ ಜಗಳ’ ಎನ್ನಬಹುದು. ಎರಡು ಸರ್ಕಾರ ಇದ್ದರೂ ಸಾಯುವವರಿಗೆ ಒಂದೂ ಇಲ್ಲ. ನೀವು ಗಲಭೆಯ ಬಗ್ಗೆ ಬರೆಯುವಾಗ ಇಬ್ಬರನ್ನೂ ಬಿಡಬೇಡಿ. ಎಚ್ಚರಿಕೆ ಯಾವತ್ತು ಬಂತು, ಪಡೆ ಕಳಿಸಿ ಎಂದು ಯಾರು ಕೇಳಿದರು, ಪಡೆ ಬಂದದ್ದು ಯಾವತ್ತು, ಬಂದವರು ಯಾರ ಮೇಲೆ ಗುಂಡು ಹಾರಿಸಿದರು: ತಾರೀಖು ಸಮೇತ ಸಾಲಾಗಿ ಬರೆಯಿರಿ. ವಿಚಾರಣಾ ಆಯೋಗ ಕೂತಿದ್ದರೆ ಅದರ ವರದಿ ಹೊರಗೆ ಬಂತಾ, ಎಷ್ಟು ಜನರಿಗೆ ಶಿಕ್ಷೆಯಾಯಿತು ಎನ್ನುವುದನ್ನೂ ಅದರ ಕೆಳಗೇ ಸೇರಿಸಿ.