145 ಪೌಂಡ್ ಹೊಗೆಸೊಪ್ಪಿನ ಜಾಡು ಹಿಡಿದು

ನಮ್ಮ ಅತ್ತೆ ಅಮೆರಿಕದ ಕೆಂಟಕಿ ರಾಜ್ಯದವರು. ಅವರ ಹಿರಿಯರು ವರ್ಜೀನಿಯಾದಿಂದ ಬಂದವರು ಅನ್ನುವುದು ಬಿಟ್ಟರೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಆ ಹಿರಿಯರನ್ನು ಹುಡುಕಲು ಹೊರಟವಳು ಮೈಸೂರು ಕಡೆಯ ಸೊಸೆ, ನಾನು!

ಮೊದಲ ವರ್ಷ ಸುಮ್ನೆ ಹಾಳಾಯಿತು. ಜನನ ದಾಖಲೆ ಹುಡುಕುತ್ತಾ ಕೂತಿದ್ದೆ. ವರ್ಜೀನಿಯಾ ರಾಜ್ಯ ಹುಟ್ಟು ಸಾವು ಬರೆದಿಡಲು ಶುರು ಮಾಡಿದ್ದೇ 1853ರಲ್ಲಿ. 1770ರ ಮನುಷ್ಯನಿಗೆ ಅದೆಲ್ಲಿಂದ ಬರಬೇಕು? ಆಮೇಲೆ ನಮ್ಮಪ್ಪ ಪಾಲಿನ ವಿಷಯಕ್ಕೆ ತಾಲ್ಲೂಕು ಕಚೇರಿ ಅಲೆದದ್ದು ನೆನಪಾಯಿತು. ಆಗಲ್ವಾ ನಮ್ಮ ಮೂರು ತಲೆಮಾರಿನ ಹೆಸರುಗಳು ಒಂದು ಹಾಳೆಯ ಮೇಲೆ ಬಂದದ್ದು? ಇಲ್ಲೂ ಜಮೀನು, ಸಾಲ, ಜಗಳದ ಕಾಗದ ನೋಡೋಣ ಅನ್ನಿಸಿತು.

ಅಂಥವೆಲ್ಲ ಕೌಂಟಿ ಕೋರ್ಟಿನಲ್ಲಿ ಇರುತ್ತವೆ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ. ಕ್ರಯಪತ್ರಕ್ಕೆ ಡೀಡ್ ಬುಕ್, ಉಯಿಲಿಗೆ ವಿಲ್ ಬುಕ್, ದಿನದಿನದ ಕಲಾಪಕ್ಕೆ ಆರ್ಡರ್ ಬುಕ್. ರಿಚ್ಮಂಡಿನ ಲೈಬ್ರರಿ ಆಫ್ ವರ್ಜೀನಿಯಾದಲ್ಲಿ ಇವುಗಳ ಮೈಕ್ರೋಫಿಲ್ಮ್ ಇದೆ. ಎಲ್ಲ ಕೌಂಟಿಯದೂ ಉಳಿದಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಜೋಪಾನವಾಗಿರಲಿ ಎಂದು ಕೆಲವು ಕೌಂಟಿಗಳು ಪುಸ್ತಕಗಳನ್ನು ರಿಚ್ಮಂಡಿಗೆ ಕಳಿಸಿದವು. 1865ರ ಏಪ್ರಿಲ್‌ನಲ್ಲಿ ಊರಿಗೆ ಬೆಂಕಿ ಬಿದ್ದಾಗ ಅವೆಲ್ಲ ಅಲ್ಲೇ ಸುಟ್ಟುಹೋದವು. ನನ್ನ ಪುಣ್ಯ, ನನಗೆ ಬೇಕಿದ್ದ ಆಗಸ್ಟಾ ಕೌಂಟಿಯ ಪುಸ್ತಕಗಳು ಉಳಿದಿದ್ದವು.

ಆರ್ಡರ್ ಬುಕ್ಕಿನ ಸೂಚಿಯಲ್ಲಿ ನಮ್ಮವರ ಹೆಸರಿರಲಿಲ್ಲ. ಸೂಚಿಯಲ್ಲಿ ಬರೋದು ಜಾಸ್ತಿ ವಾದಿ ಪ್ರತಿವಾದಿಗಳ ಹೆಸರು. ಸಾಕ್ಷಿಗಳನ್ನು ಕೇಳೋರಿಲ್ಲ. ಹಾಗಾಗಿ ಪುಟ ಪುಟ ಓದಿದೆ. ಹಳೆಯ ಬರಹದಲ್ಲಿ 'ಎಸ್' ಅಕ್ಷರ 'ಎಫ್' ಥರ ಕಾಣುತ್ತದೆ, ಅದಕ್ಕೆ ಕಣ್ಣು ಹೊಂದಿಕೊಳ್ಳಲು ಎರಡು ವಾರ ಬೇಕಾಯಿತು. ಕೊನೆಗೆ 1773ರ ಒಂದು ಪುಟದ ಕೆಳಗೆ ಮೂರು ಸಾಲು ಸಿಕ್ಕಿತು. ವಾದಿಯು ಸಾಕ್ಷಿಗೆ ಒಂದು ದಿನದ ಹಾಜರಿಗೂ 40 ಮೈಲಿ ಬಂದುಹೋದದ್ದಕ್ಕೂ 145 ಪೌಂಡ್ ಹೊಗೆಸೊಪ್ಪು ಕೊಡತಕ್ಕದ್ದು. ಸಾಕ್ಷಿ ನಮ್ಮವನೇ!

ಅಲ್ಲಿ ಆಗ ಹೊಗೆಸೊಪ್ಪೇ ಲೆಕ್ಕದ ದುಡ್ಡು. ದಿನಕ್ಕೆ 25, ಮೈಲಿಗೆ 3. ದಾರಿ ಖರ್ಚು ಕೊಡುತ್ತಿದ್ದದ್ದು ಬೇರೆ ಕೌಂಟಿಯಿಂದ ಬಂದವರಿಗೆ. ಅಂದರೆ ಇವನು ಆಗಸ್ಟಾದವನಲ್ಲ. ಕೋರ್ಟಿದ್ದ ಸ್ಟಾಂಟನ್ ಊರಿನಿಂದ ಮ್ಯಾಪಿನ ಮೇಲೆ 40 ಮೈಲಿ ಅಳೆದೆ. ಪೂರ್ವಕ್ಕೆ ಆಲ್ಬೆಮಾರ್ಲ್ ಸಿಕ್ಕಿತು, ಅಲ್ಲಿ ಎರಡು ತಿಂಗಳು ಹುಡುಕಿ ಕೈಸುಟ್ಟುಕೊಂಡೆ. ದಕ್ಷಿಣಕ್ಕೆ ಬಾಟಟಾಟ್. ಇದು 1770ರಲ್ಲಿ ಆಗಸ್ಟಾವನ್ನೇ ಒಡೆದು ಮಾಡಿದ ಕೌಂಟಿ. 1778ರಲ್ಲಿ ಅದರ ಉತ್ತರದ ಭಾಗ ರಾಕ್‌ಬ್ರಿಜ್ ಕೌಂಟಿಗೆ ಸೇರಿತು. ನಮ್ಮ ಮನುಷ್ಯ ಒಂದೇ ಮನೆಯಲ್ಲಿ ಕೂತು ಮೂರು ಕೌಂಟಿ ಕಂಡಿದ್ದ!

ಬಾಟಟಾಟಿನ ಡೀಡ್ ಬುಕ್ಕಿನಲ್ಲಿ ಅವನು ಜಮೀನು ಮಾರಿದ ಪತ್ರ ಸಿಕ್ಕಿತು. ಗಂಡ ಜಮೀನು ಮಾರಿದರೆ ಹೆಂಡತಿಯ ಮೂರನೇ ಒಂದು ಪಾಲಿನ ಹಕ್ಕು ಹೋಗುತ್ತದಲ್ಲ, ಅದಕ್ಕೆ ಅವಳನ್ನು ಗಂಡನಿಂದ ದೂರ ಕೂರಿಸಿ, 'ಮನಸ್ಸಿನಿಂದ ಒಪ್ಪಿದ್ದೀಯಾ?' ಎಂದು ಕೇಳುತ್ತಿದ್ದರು. ಬರಲಾಗದಿದ್ದರೆ ನ್ಯಾಯಾಧೀಶರೇ ಮನೆಗೆ ಹೋಗುತ್ತಿದ್ದರು. ಹೀಗೆ ಕೇಳಿ ಬರೆದುಕೊಂಡ ಸಾಲಿನಲ್ಲೇ ಅವಳ ಹೆಸರು ಮೊದಲ ಸಲ ಕಂಡದ್ದು.

ಪದಗಳಲ್ಲೂ ಎಡವಿದೆ. 'ಆರ್ಫನ್' ಎಂದರೆ ಪೂರ್ತಿ ತಬ್ಬಲಿ ಎಂದುಕೊಂಡು ಬದುಕಿದ್ದ ತಾಯಿಯನ್ನು ಸಾಯಿಸಿಬಿಟ್ಟಿದ್ದೆ. ಅಪ್ಪ ಸತ್ತರೆ ಸಾಕು, ಮಗು ಆರ್ಫನ್. ಸೀನಿಯರ್, ಜೂನಿಯರ್ ಅಪ್ಪ ಮಗನೇ ಆಗಬೇಕೆಂದೂ ಇಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ದೊಡ್ಡವನು, ಚಿಕ್ಕವನು ಅಷ್ಟೇ.

ಸತ್ತ ಮೇಲೆ ಅವನ ಸ್ವತ್ತಿನ ಪಟ್ಟಿ ಮಾಡಿದ್ದರು. ಹಸು, ಜೀನು, ಕಬ್ಬಿಣದ ಪಾತ್ರೆ. ಅವುಗಳ ನಡುವೆ ಬರೀ ಮೊದಲ ಹೆಸರಿನ ಒಬ್ಬ ಗುಲಾಮ ಹೆಂಗಸು, ಅವಳ ಮಗು, ಎದುರಿಗೆ ಬೆಲೆ. ಅತ್ತೆಗೆ ಓದಿ ಹೇಳಿದಾಗ ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆ ಪುಟವನ್ನು ಬಿಟ್ಟು ವಂಶಾವಳಿ ಬರೆಯುವುದು ಬೇಡ ಎಂದು ಇಬ್ಬರೂ ಒಪ್ಪಿದೆವು. ಆ ತಾಯಿಯ ವಂಶದವರು ಯಾರಾದರೂ ಹುಡುಕುತ್ತಿದ್ದರೆ ಅವರಿಗೆ ಇದೊಂದೇ ಕಾಗದ ಉಳಿದಿರಬಹುದು.

ಈಗ ಮತ್ತೆ 1773ರ ಕೇಸಿಗೇ ಬಂದಿದ್ದೇನೆ. ಹೆಂಡತಿಯ ತವರು ಇನ್ನೂ ಸಿಕ್ಕಿಲ್ಲ. ಆ ವಾದಿಗಾಗಿ ನಮ್ಮವನು 40 ಮೈಲಿ ದಾರಿ ಸವೆಸಿ ಬಂದನಲ್ಲ, ಸುಮ್ನೆ ಯಾರು ಬರುತ್ತಾರೆ? ನೆಂಟನೇ ಇರಬೇಕು ಅನ್ನುವುದು ಅತ್ತೆಯ ಗುಮಾನಿ. ಅದಕ್ಕೇ ಈಗ ವಾದಿಯ ಉಯಿಲು ಹುಡುಕುತ್ತಿದ್ದೇನೆ.