ಮರೆವನ್ನು ಪರೀಕ್ಷೆ ಮಾಡುವುದು ಬಿಟ್ಟ ಮೇಲೆ: ನನ್ನ ಅನುಭವ

ಮರೆವು ಎಲ್ಲರಿಗೂ ಇದೆ. ಆದರೆ ಒಂದು ಹೆಸರು ತಕ್ಷಣ ಬಾಯಿಗೆ ಬರದಿದ್ದರೆ ಎದೆ ಧಸಕ್ಕೆಂದು, ಕೈ ತಣ್ಣಗಾಗಿ, ಇದು ನೆನಪು, ಬುದ್ಧಿ ಕುಂದುತ್ತಾ ಹೋಗುವ ಡಿಮೆನ್ಷಿಯಾದ ಶುರುವೇ ಇರಬೇಕು ಅಂತ ಇಡೀ ದಿನ ಅದೇ ಯೋಚನೆಯಲ್ಲಿ ಕಳೆಯುವುದು ಎಲ್ಲರಿಗೂ ಇಲ್ಲ. ನನಗೆ ತುಂಬಾ ಕಾಲ ಅದು ಇತ್ತು. ಹೊರಗೆ ಬಂದದ್ದು ಹೇಗೆ ಅಂತ ಬರೆಯುತ್ತಿದ್ದೇನೆ. ಇದೇ ಭಯದಲ್ಲಿ ಒಬ್ಬರೇ ಕೂತು ಮಧ್ಯರಾತ್ರಿ ಫೋನ್‌ನಲ್ಲಿ ಲಕ್ಷಣ ಹುಡುಕುತ್ತಿರುವವರು ಬಹಳ ಜನ ಇದ್ದಾರೆ. ನಾನು ಡಾಕ್ಟರ್ ಅಲ್ಲ. ನನಗೆ ಉಪಯೋಗಕ್ಕೆ ಬಂದದ್ದನ್ನು ಹೇಳುತ್ತೇನೆ, ಅಷ್ಟೇ.

ನನ್ನ ಭಯಕ್ಕೆ ಎರಡು ಕಾರಣ ಇದ್ದವು. ಒಂದು ಮರೆವು. ಯಾವುದಕ್ಕೋ ಅಂತ ಕೋಣೆಗೆ ಹೋಗಿ ಯಾಕೆ ಬಂದೆ ಅಂತ ನಿಂತುಬಿಡುವುದು, ಬೀಗ ಹಾಕಿದೆನಾ ಇಲ್ಲವಾ ಅಂತ ನೆನಪಾಗದಿರುವುದು, ಚೆನ್ನಾಗಿ ಗೊತ್ತಿರುವ ಪದ ನಾಲಿಗೆ ತುದಿಯಲ್ಲೇ ನಿಂತುಬಿಡುವುದು. ಇನ್ನೊಂದು ಮೈಮರೆವು. ಒಂದು ಪುಟ ಓದಿ ಮುಗಿಸಿರುತ್ತೇನೆ, ಒಂದು ಸಾಲೂ ತಲೆಗೆ ಹೋಗಿರುವುದಿಲ್ಲ. ಎದುರಿಗೆ ಯಾರೋ ಮಾತಾಡುತ್ತಿರುತ್ತಾರೆ, ನನ್ನ ಮನಸ್ಸು ಎಲ್ಲೋ ಇರುತ್ತದೆ. ಮೊದಲನೆಯದು ಡಿಮೆನ್ಷಿಯಾ ತರುವ ಅಲ್ಝೈಮರ್ ಕಾಯಿಲೆ ಅನ್ನಿಸುತ್ತಿತ್ತು, ಎರಡನೆಯದು ಯಾವುದೋ ಬಗೆಯ ಫಿಟ್ಸ್. ಜೊತೆಗೆ ತಲೆನೋವೂ ಬಂದ ದಿನ ಮೆದುಳಿನಲ್ಲಿ ಗೆಡ್ಡೆ ಬೆಳೆಯುತ್ತಿದೆ ಅನ್ನುವುದರಲ್ಲಿ ಅನುಮಾನವೇ ಇರುತ್ತಿರಲಿಲ್ಲ.

ಭಯ ಬಂದಾಗ ಸುಮ್ನೆ ಕೂರಲು ಆಗುವುದಿಲ್ಲ. ಹೇಗಾದರೂ ಖಾತ್ರಿ ಮಾಡಿಕೊಳ್ಳಬೇಕು ಅನ್ನಿಸುತ್ತದೆ. ಹಾಗಾಗಿ ನಾನು ದಿನಾ ನನ್ನ ನೆನಪನ್ನು ಪರೀಕ್ಷೆ ಮಾಡುತ್ತಿದ್ದೆ. ಮಲಗುವ ಮುಂಚೆ ಬೆಳಗ್ಗೆಯಿಂದ ಏನೇನು ಮಾಡಿದೆ ಅಂತ ಒಂದೊಂದಾಗಿ ನೆನಪಿಸಿಕೊಳ್ಳುವುದು. ಶಾಲೆಯಲ್ಲಿ ಜೊತೆಗಿದ್ದವರ ಹೆಸರು ಸಾಲಾಗಿ ಹೇಳಿಕೊಳ್ಳುವುದು. ನೂರರಿಂದ ಏಳೇಳು ಕಳೆಯುತ್ತಾ ಹೋಗುವುದು. 1975ರಿಂದ ಡಾಕ್ಟರುಗಳು ಬಳಸುತ್ತಿರುವ ಎಂಎಂಎಸ್‌ಇ ಅನ್ನುವ, ನೆನಪು, ಗಮನ ನೋಡುವ 30 ಅಂಕದ ಪರೀಕ್ಷೆಯಲ್ಲಿ ಈ ಲೆಕ್ಕ ಇದೆ ಅಂತ ಓದಿದ್ದೆ. 93, 86, 79, 72, 65 ಅಂತ ಬಾಯಿಪಾಠ ಆದ ಮೇಲೂ ಬಿಡಲಿಲ್ಲ. ಬಾಯಿಪಾಠ ಹೇಳಿದರೆ ಪರೀಕ್ಷೆ ಹೇಗಾಗುತ್ತದೆ ಅಂತ ಬೇರೆ ಸಂಖ್ಯೆಯಿಂದ ಶುರು ಮಾಡುತ್ತಿದ್ದೆ. ಒಂದು ಕಡೆ ತಡವರಿಸಿದರೆ ಸಾಕು, ಆ ರಾತ್ರಿ ನಿದ್ದೆ ಇಲ್ಲ. ನಿದ್ದೆ ಇಲ್ಲದ ಮಾರನೇ ದಿನ ಇನ್ನೂ ಜಾಸ್ತಿ ಮರೆಯುತ್ತಿದ್ದೆ.

ಮೊದಲು ಮಾಡಿದ ಕೆಲಸ ಡಾಕ್ಟರ್ ಹತ್ತಿರ ಹೋದದ್ದು. ಇದನ್ನು ಬಿಟ್ಟು ಮುಂದಿನದಕ್ಕೆ ಯಾರೂ ಹೋಗಬಾರದು. ಮರೆವಿಗೆ ಸರಿಪಡಿಸಬಹುದಾದ ಕಾರಣಗಳು ಇರುತ್ತವೆ: ಬಿ12 ಕಡಿಮೆಯಾಗಿರುವುದು, ಥೈರಾಯ್ಡ್ ನಿಧಾನವಾಗಿರುವುದು, ಖಿನ್ನತೆ, ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ, ಕೆಲವು ಅಲರ್ಜಿ ಮಾತ್ರೆಗಳು, ನಿದ್ದೆ ಮಾತ್ರೆಗಳು. ಇವನ್ನು ನಾವೇ ಕೂತು ಊಹಿಸುವುದಲ್ಲ, ರಕ್ತ ಪರೀಕ್ಷೆ ಮಾಡಿಸಿ, ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ತೋರಿಸಿ, ಅಲ್ಲೇ ತೀರ್ಮಾನ ಆಗಬೇಕು.

ನಾನು ಮರೆತದ್ದನ್ನೆಲ್ಲ ದಿನಾಂಕ ಸಮೇತ ಬರೆದುಕೊಂಡು ಹೋಗಿದ್ದೆ. ಡಾಕ್ಟರ್ ಪೂರ್ತಿ ಓದಿದರು. ಆಮೇಲೆ ಕೇಳಿದರು, "ಮನೆಯವರು ಏನಾದರೂ ಗಮನಿಸಿದ್ದಾರಾ? ಅವರು ಹೇಳಿ ಬಂದ್ರಾ, ನೀವೇ ಬಂದ್ರಾ?" ನಾನೇ ಬಂದದ್ದು, ಮನೆಯಲ್ಲಿ ಯಾರಿಗೂ ಏನೂ ಅನ್ನಿಸಿಲ್ಲ ಅಂದೆ. ಡಿಮೆನ್ಷಿಯಾ ಇರುವವರನ್ನು ಸಾಮಾನ್ಯವಾಗಿ ಮನೆಯವರೇ ಕರೆತರುತ್ತಾರೆ, ಪ್ರಶ್ನೆ ಕೇಳಿದರೆ ಅವರು ಉತ್ತರಕ್ಕಾಗಿ ಪಕ್ಕದಲ್ಲಿರುವವರ ಕಡೆ ತಿರುಗಿ ನೋಡುತ್ತಾರೆ, ಎಷ್ಟೋ ಸಲ ತಮಗೆ ಮರೆವು ಇದೆ ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ ಅಂತ ಹೇಳಿದರು. ಮರೆತ ಪ್ರತಿಯೊಂದು ಸಂದರ್ಭವನ್ನೂ ಅಷ್ಟು ವಿವರವಾಗಿ ನೆನಪಿಟ್ಟುಕೊಂಡು ಹೇಳಲು ನೆನಪು ಬೇಕಲ್ವಾ. ಇದೊಂದರಿಂದಲೇ ಎಲ್ಲ ತೀರ್ಮಾನ ಆಗುವುದಿಲ್ಲ, ಅವರೂ ಹಾಗೆ ಹೇಳಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರು, ನಡಿಗೆ, ಮಾತು, ಕಣ್ಣು, ಕೈಕಾಲಿನ ಬಲ ನೋಡಿದರು. ಎಲ್ಲ ಸರಿ ಇತ್ತು. ಸ್ಕ್ಯಾನ್ ಬೇಕಾಗಿಲ್ಲ ಅಂದರು.

ಆ ಸಮಾಧಾನ ಉಳಿಯಲಿಲ್ಲ. ಮತ್ತೊಂದು ಹೆಸರು ಮರೆತ ತಕ್ಷಣ, ಪರೀಕ್ಷೆಯಲ್ಲಿ ಸಿಗದ ಯಾವುದೋ ಒಂದು ಕಾಯಿಲೆ ಇರಬೇಕು, ಸ್ಕ್ಯಾನ್ ಮಾಡಿಸಬೇಕಿತ್ತು ಅಂತ ಶುರುವಾಯಿತು. ಇದು ನನ್ನೊಬ್ಬರ ಕಥೆ ಅಲ್ಲ, ಆರೋಗ್ಯದ ಆತಂಕ ಕೆಲಸ ಮಾಡುವುದೇ ಹೀಗೆ. ಬ್ರಿಟನ್ನಿನ ಸಂಶೋಧಕರಾದ ಪಾಲ್ ಸಾಲ್ಕೊವ್‌ಸ್ಕಿಸ್ ಮತ್ತು ಹಿಲರಿ ವಾರ್ವಿಕ್ 1986ರಲ್ಲೇ ಇದನ್ನು ಬರೆದಿದ್ದರು. ಧೈರ್ಯ ಕೇಳಿ ಪಡೆದಾಗ ಭಯ ಸ್ವಲ್ಪ ಹೊತ್ತು ಇಳಿಯುತ್ತದೆ, ಇಳಿದದ್ದರಿಂದಲೇ ಮುಂದಿನ ಸಲ ಮತ್ತೆ ಕೇಳಬೇಕು ಅನ್ನಿಸುತ್ತದೆ, ಹೀಗೆ ಕೇಳುವ ಅಭ್ಯಾಸವೇ ಭಯವನ್ನು ಜೀವಂತ ಇಡುತ್ತದೆ. ಇದನ್ನು ಓದಿದ ದಿನ ನಾನು ಮಾಡಬೇಕಾದ ಕೆಲಸ ಬೇರೆಯೇ ಇದೆ ಅಂತ ಹೊಳೆಯಿತು. ಹೊಸ ಪರೀಕ್ಷೆ ಬೇಡ. ಪರೀಕ್ಷೆ ಮಾಡುವುದನ್ನೇ ನಿಲ್ಲಿಸಬೇಕು.

ನಿಲ್ಲಿಸಲು ಧೈರ್ಯ ಬಂದದ್ದು ಇನ್ನೊಂದು ಪ್ರಯೋಗದಿಂದ. 2003ರಲ್ಲಿ ನೆದರ್ಲೆಂಡ್ಸಿನ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ ಇದನ್ನು ಪ್ರಕಟಿಸಿದರು. ಕಂಪ್ಯೂಟರ್ ಪರದೆಯ ಮೇಲೆ ಒಂದು ಗ್ಯಾಸ್ ಒಲೆ, ಅದನ್ನು ಹಚ್ಚಿ, ಆರಿಸಿ, ಆರಿದೆಯಾ ಅಂತ ನೋಡಬೇಕು. ಕೆಲವರ ಕೈಲಿ ಇದನ್ನೇ ಮತ್ತೆ ಮತ್ತೆ ಮಾಡಿಸಿದರು. ಕೊನೆಯ ಸಲ ಏನು ನೋಡಿದಿರಿ ಅಂತ ಕೇಳಿದಾಗ ಅವರ ಉತ್ತರ ಸರಿಯಾಗಿಯೇ ಇತ್ತು. ಆದರೆ ಆ ನೆನಪು ಮಸುಕಾಗಿದೆ, ಅದರ ಮೇಲೆ ನಂಬಿಕೆ ಇಲ್ಲ ಅಂದರು. ನೆನಪು ಕೆಟ್ಟಿರಲಿಲ್ಲ, ನೆನಪಿನ ಮೇಲಿನ ನಂಬಿಕೆ ಕೆಟ್ಟಿತ್ತು. ಈ ಪ್ರಯೋಗ ಮಾಡಿದ್ದು ಗೀಳಿನ ಕಾಯಿಲೆಯನ್ನು ಅರ್ಥ ಮಾಡಿಕೊಳ್ಳಲು, ಮರೆವಿನ ಭಯಕ್ಕೆ ಅಲ್ಲ. ಆದರೂ ನನ್ನ ರಾತ್ರಿಯ ಲೆಕ್ಕಗಳಿಗೆ ಇದಕ್ಕಿಂತ ಸರಿಯಾದ ವಿವರಣೆ ನನಗೆ ಎಲ್ಲೂ ಸಿಗಲಿಲ್ಲ. ಗಾಯ ಮಾಗಿದೆಯಾ ಅಂತ ದಿನಾ ಹಕ್ಕಳೆ ಕಿತ್ತು ನೋಡಿದ ಹಾಗೆ ಆಗುತ್ತಿತ್ತು ನನ್ನ ಪರೀಕ್ಷೆ.

ಒಂದೇ ಸಲಕ್ಕೆ ಎಲ್ಲ ಬಿಡಲಿಲ್ಲ. ಮೊದಲು ನಿಲ್ಲಿಸಿದ್ದು ಮರೆವಿನ ಪಟ್ಟಿ. ಆ ಪುಸ್ತಕದಲ್ಲಿ ಮರೆತದ್ದು ಮಾತ್ರ ಇತ್ತು, ನೆನಪಿದ್ದದ್ದು ಒಂದೂ ಇರಲಿಲ್ಲ. ದಿನವಿಡೀ ನೂರಾರು ಹೆಸರು, ದಾರಿ, ಕೆಲಸ ನೆನಪಾಗುತ್ತವೆ, ಅವನ್ನು ಯಾರು ಬರೆಯುತ್ತಾರೆ? ಹಾಗಾಗಿ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ, ನೋಡಿದಾಗಲೆಲ್ಲ ಕಾಯಿಲೆ ಬೆಳೆಯುತ್ತಿದೆ ಅನ್ನಿಸುತ್ತದೆ. ಅದನ್ನು ಹರಿದು ಹಾಕಿ, ಮಾಡಬೇಕಾದ ಕೆಲಸಗಳಿಗೆ ಮಾತ್ರ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡೆ.

ಆಮೇಲೆ ರಾತ್ರಿಯ ಲೆಕ್ಕ. ಇದು ಕಷ್ಟವಾಯಿತು, ನಿಜ ಹೇಳುತ್ತೇನೆ. ಕಳೆಯುವ ಲೆಕ್ಕ ತಾನಾಗಿಯೇ ತಲೆಯಲ್ಲಿ ಶುರುವಾಗುತ್ತದೆ. ತಡೆಯಲು ಹೋದರೆ ಜೋರಾಗುತ್ತದೆ. ಅದಕ್ಕೆ ನಾನು ಕಂಡುಕೊಂಡ ದಾರಿ, ಶುರುವಾದರೆ ಆಗಲಿ, ಮುಗಿಸುವುದು ಬೇಡ ಅಂತ. 86ಕ್ಕೆ ಬಂದಿದ್ದರೆ ಅಲ್ಲೇ ಬಿಡುವುದು. ಸರಿಯಾ ತಪ್ಪಾ ಅಂತ ನೋಡುವುದಿಲ್ಲ. ಅರ್ಧಕ್ಕೆ ಬಿಟ್ಟಾಗ ಒಂದು ಚಡಪಡಿಕೆ ಬರುತ್ತದೆ, ತಡೆಯಲಾಗದು ಅನ್ನುವಷ್ಟು ಏರುತ್ತದೆ, ಏನೂ ಮಾಡದೆ ಬಿಟ್ಟರೆ ತಾನೇ ಇಳಿಯುತ್ತದೆ. ಇಳಿಯುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ. ನನ್ನ ಮೈಯಲ್ಲೇ ಅದು ಇಳಿದದ್ದು ನೋಡಿದ ಮೇಲೆ ಮುಂದಿನ ರಾತ್ರಿಗಳು ಅಷ್ಟು ಭಾರ ಆಗಲಿಲ್ಲ.

ಮೂರನೆಯದು ಅಕ್ಕನನ್ನು ಕೇಳುವುದು. "ಅಕ್ಕ, ನಾನು ಈ ವಿಷಯ ನಿನಗೆ ಮುಂಚೆ ಹೇಳಿದ್ದೆನಾ? ನಾನು ಮಾತು ರಿಪೀಟ್ ಮಾಡ್ತಿದ್ದೀನಾ?" ಅಂತ ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದೆ. ಪಾಪ, ಅವಳು ಪ್ರತಿ ಸಲವೂ ಇಲ್ಲ ಕಣೋ, ನೀನು ಚಿಕ್ಕವನಿದ್ದಾಗಿಂದ ಹೀಗೇ, ಒಂದು ಜ್ಞಾನದಲ್ಲಿದ್ರೆ ಇನ್ನೊಂದು ಇರಲ್ಲ ಅಂತ ಸಮಾಧಾನ ಮಾಡುತ್ತಿದ್ದಳು. ಅವಳ ಜೊತೆ ಕೂತು ಒಂದು ಒಪ್ಪಂದ ಮಾಡಿಕೊಂಡೆ. ನಾನು ಕೇಳಿದರೆ ಅವಳು ಉತ್ತರ ಕೊಡಬಾರದು, "ಇದು ಭಯ ಕೇಳ್ತಿರೋ ಪ್ರಶ್ನೆ" ಅಂತ ಮಾತ್ರ ಹೇಳಿ ಬೇರೆ ಮಾತಿಗೆ ಹೋಗಬೇಕು. ಆದರೆ ನಾನು ಕೇಳದೆಯೇ ಅವಳಿಗೆ ನನ್ನಲ್ಲಿ ನಿಜವಾಗಿ ಏನಾದರೂ ಬದಲಾವಣೆ ಕಂಡರೆ ಮುಚ್ಚಿಡದೆ ಹೇಳಬೇಕು. ಈ ಎರಡನೇ ಮಾತು ಬಹಳ ಮುಖ್ಯ. ಅದಿದ್ದದ್ದರಿಂದಲೇ ನಾನು ನನ್ನ ಮೇಲಿನ ಕಾವಲು ಬಿಡಲು ಆಯಿತು. ಮನೆಯವರಿಗೆ ಇದನ್ನು ಬಿಡಿಸಿ ಹೇಳದೆ ಸುಮ್ನೆ ಉತ್ತರ ಕೊಡಬೇಡಿ ಅಂದರೆ ಅವರಿಗೂ ಬೇಜಾರು, ನಮಗೂ ಕೋಪ.

ಇದರ ಜೊತೆಗೆ ಮರೆವು ಅಂದರೇನು ಅಂತ ಸ್ವಲ್ಪ ತಿಳಿದುಕೊಂಡೆ. ಲಕ್ಷಣಗಳ ಪಟ್ಟಿ ಹುಡುಕುವುದಲ್ಲ, ಆರೋಗ್ಯವಂತರ ನೆನಪು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಓದಿದ್ದು. ಬೀಗ ಹಾಕಿದ್ದು ಮರೆತದ್ದಲ್ಲ, ಅದು ನೆನಪಾಗಿ ಕೂತೇ ಇರಲಿಲ್ಲ. ಕೈ ತನ್ನ ಪಾಡಿಗೆ ಬೀಗ ಹಾಕಿತ್ತು, ಗಮನ ಬೇರೆ ಕಡೆ ಇತ್ತು. ಗಮನ ಕೊಡದ್ದು ಉಳಿಯುವುದಿಲ್ಲ. 1979ರಲ್ಲಿ ನಿಕರ್ಸನ್ ಮತ್ತು ಆಡಮ್ಸ್ ಅನ್ನುವ ಇಬ್ಬರು ಸಂಶೋಧಕರು ಅಮೆರಿಕದ ಜನರಿಗೆ ಅವರದೇ ಒಂದು ಸೆಂಟ್ ನಾಣ್ಯದ ಚಿತ್ರವನ್ನು ನೆನಪಿನಿಂದ ಬರೆದು ತೋರಿಸಿ ಅಂದರು. ದಿನಾ ಕೈಯಲ್ಲಿ ಹಿಡಿಯುವ ನಾಣ್ಯ, ಹೆಚ್ಚಿನವರಿಗೆ ಸರಿಯಾಗಿ ಬರೆಯಲು ಆಗಲಿಲ್ಲ. ಹಾಗೇ ಆತಂಕವೂ ಗಮನವನ್ನು ತಿನ್ನುತ್ತದೆ. ತಲೆಯ ಒಂದು ಭಾಗ ಸದಾ "ಮರೆತೆನಾ, ಮರೆತೆನಾ" ಅಂತ ಕಾಯುತ್ತಿದ್ದರೆ ಎದುರಿಗಿರುವವರು ಹೇಳಿದ ಮಾತು ಎಲ್ಲಿ ಉಳಿಯಬೇಕು? ನನ್ನ ಮರೆವು ಸುಳ್ಳಾಗಿರಲಿಲ್ಲ. ಭಯದಿಂದಲೇ ಅದು ನಿಜವಾಗಿ ಜಾಸ್ತಿಯಾಗಿತ್ತು. ಇದನ್ನು ಯಾರಾದರೂ "ಎಲ್ಲ ನಿನ್ನ ಭ್ರಮೆ" ಅಂದರೆ ನನಗೆ ಈಗಲೂ ನೋವಾಗುತ್ತದೆ.

ಮೈಮರೆವಿನ ವಿಷಯಕ್ಕೆ ಬಂದರೆ, ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. 2,250 ಜನರಿಗೆ ದಿನದಲ್ಲಿ ಯಾವಾಗಲೋ ಫೋನ್‌ನಲ್ಲಿ "ಈಗ ನಿಮ್ಮ ಮನಸ್ಸು ಎಲ್ಲಿದೆ" ಅಂತ ಕೇಳಿದರು. ಶೇ 46.9ರಷ್ಟು ಸಲ ಮನಸ್ಸು ಮಾಡುತ್ತಿರುವ ಕೆಲಸದಲ್ಲಿ ಇರಲಿಲ್ಲ. ಹತ್ತಿರ ಹತ್ತಿರ ಅರ್ಧ! ಫಿಟ್ಸ್ ಅಂತ ನಾನು ಹೆದರಿದ್ದಕ್ಕೆ ಅಬ್ಸೆನ್ಸ್ ಸೀಜರ್ ಅನ್ನುತ್ತಾರೆ. ಅದು ಹೆಚ್ಚಾಗಿ ಶುರುವಾಗುವುದು ಮಕ್ಕಳಲ್ಲಿ. ಆಡುತ್ತಿದ್ದ ಮಾತು ನಡುವೆಯೇ ನಿಂತು, ಕೆಲವು ಸೆಕೆಂಡು ಕರೆದರೂ ಮುಟ್ಟಿದರೂ ಗೊತ್ತಾಗದೆ, ಆಮೇಲೆ ಏನೂ ಆಗಿಲ್ಲದ ಹಾಗೆ ಮುಂದುವರಿಯುತ್ತಾರೆ. ನನ್ನದು ಬೇಜಾರಾದಾಗ, ದಣಿದಾಗ ಬರುತ್ತಿತ್ತು, ಹೆಸರು ಹಿಡಿದು ಕರೆದರೆ ಬಿಟ್ಟುಹೋಗುತ್ತಿತ್ತು, ಆ ಹೊತ್ತಿನಲ್ಲಿ ಏನು ಯೋಚಿಸುತ್ತಿದ್ದೆ ಅನ್ನುವುದೂ ನೆನಪಿರುತ್ತಿತ್ತು. ಈಗ ಓದುವಾಗ ಮನಸ್ಸು ಜಾರಿದರೆ ಪುಟದ ಮೇಲಕ್ಕೆ ಹೋಗಿ ಮತ್ತೆ ಓದುತ್ತೇನೆ, ಎಷ್ಟು ಹೊತ್ತು ಜಾರಿತ್ತು ಅಂತ ಅಳೆಯುವುದಿಲ್ಲ.

ಕೆಲವು ವಿಷಯಗಳನ್ನು ಮಾತ್ರ ಆತಂಕ ಅಂತ ಬದಿಗೆ ತಳ್ಳಬೇಡಿ. ಇದ್ದಕ್ಕಿದ್ದ ಹಾಗೆ ಗೊಂದಲ, ಮಾತು ತೊದಲುವುದು, ಮುಖ ಒಂದು ಕಡೆ ಜೋತುಬೀಳುವುದು, ಒಂದು ಕೈ ಅಥವಾ ಕಾಲಿನ ಬಲ ಹೋಗುವುದು, ಇವಾದರೆ ಆ ಕ್ಷಣವೇ ಆಸ್ಪತ್ರೆ. ದಿನಾ ಹೋಗುವ ದಾರಿಯೇ ತಪ್ಪುವುದು, ಸ್ವಲ್ಪ ಹೊತ್ತಿನ ಹಿಂದೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಇಷ್ಟು ವರ್ಷ ಮಾಡುತ್ತಿದ್ದ ಕೆಲಸ ಹೇಗೆ ಮಾಡುವುದು ಅಂತಲೇ ತಿಳಿಯದಿರುವುದು, ಸ್ವಭಾವ ಬದಲಾಗುವುದು, ಅದರಲ್ಲೂ ನಮಗಿಂತ ಮೊದಲು ಜೊತೆಗಿರುವವರಿಗೆ ಅದು ಕಾಣುವುದು, ಇವಕ್ಕೆ ಡಾಕ್ಟರನ್ನು ನೋಡಲೇಬೇಕು. ಕರೆದರೂ ಎಚ್ಚರವಾಗದ ಮೈಮರೆವು ಇದ್ದರೂ ಅಷ್ಟೇ, ದೊಡ್ಡವರಲ್ಲೂ ಬೇರೆ ಬಗೆಯ ಸೀಜರ್ ಇರುತ್ತದೆ. ಈ ಪಟ್ಟಿಯನ್ನು ಒಂದು ಸಲ ಓದಿ ಬಿಡಿ. ದಿನಾ ತೆಗೆದು ನಿಮಗೆ ಹೋಲಿಸಿಕೊಳ್ಳುವುದಾದರೆ ಇದೂ ಇನ್ನೊಂದು ಪರೀಕ್ಷೆ ಆಗಿಬಿಡುತ್ತದೆ.

ಫೋನ್‌ನಲ್ಲಿ ಹುಡುಕುವುದನ್ನು ಪೂರ್ತಿ ಬಿಡಲು ನನಗೆ ಒಬ್ಬನಿಗೇ ಆಗಲಿಲ್ಲ. ಅಲ್ಲಿ ಒಬ್ಬ ಸೈಕಾಲಜಿಸ್ಟ್ ಸಹಾಯ ಬೇಕಾಯಿತು. ಸಿಬಿಟಿ ಅನ್ನುವ, ಯೋಚನೆ ಮತ್ತು ನಡವಳಿಕೆಯ ರೂಢಿ ಬದಲಿಸುವ ಮಾತಿನ ಚಿಕಿತ್ಸೆ, ಆರೋಗ್ಯದ ಆತಂಕಕ್ಕೆ ಚೆನ್ನಾಗಿ ಪರೀಕ್ಷೆಯಾಗಿರುವ ಚಿಕಿತ್ಸೆ ಅದು. ಅವರು ಕೊಟ್ಟ ಅಭ್ಯಾಸ ಹೀಗಿತ್ತು: ಹುಡುಕಬೇಕು ಅನ್ನಿಸಿದಾಗ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಸಂಜೆಗೆ ಮುಂದೂಡುವುದು, ಸಂಜೆ ಒಂದು ಗೊತ್ತಾದ ಹೊತ್ತಿನಲ್ಲಿ ಮಾತ್ರ ಆ ಚೀಟಿ ತೆಗೆದು ಚಿಂತೆ ಮಾಡುವುದು. ಸಂಜೆ ನೋಡಿದರೆ ಹೆಚ್ಚಿನ ಚೀಟಿಗಳ ಪ್ರಶ್ನೆಗೆ ಉತ್ತರ ಬೇಕು ಅಂತಲೇ ಅನ್ನಿಸುತ್ತಿರಲಿಲ್ಲ. ಚಿಂತೆ ಮಾಡಬೇಡ ಅಂದಿದ್ದರೆ ನನ್ನಿಂದ ಆಗುತ್ತಿರಲಿಲ್ಲ, ಆಮೇಲೆ ಮಾಡು ಅಂದದ್ದರಿಂದ ಆಯಿತು.

ಈಗಲೂ ಹೆಸರು ಮರೆಯುತ್ತೇನೆ. ಎದುರಿಗಿರುವವರನ್ನೇ "ನಿಮ್ಮ ಹೆಸರು ತಟ್ಟನೆ ನೆನಪಾಗ್ತಿಲ್ಲ, ಹೇಳ್ತೀರಾ" ಅಂತ ಕೇಳುತ್ತೇನೆ, ಅವರು ಹೇಳುತ್ತಾರೆ. ಪರಿಚಯದವರ ಮನೆಯಲ್ಲಿ ಯಾರಿಗೋ ಅಲ್ಝೈಮರ್ ಅಂತ ಕೇಳಿದಾಗ ಭಯ ಮತ್ತೆ ಬರುತ್ತದೆ, ಕೆಲವು ದಿನ ಇರುತ್ತದೆ. ಆ ದಿನಗಳಲ್ಲಿ ನಾನು ನೋಡಿಕೊಳ್ಳುವುದು ಒಂದೇ: ಹೊತ್ತಿಗೆ ಸರಿಯಾಗಿ ಮಲಗುತ್ತೇನೆ, ಏಳನ್ನು ಕಳೆಯುವುದಿಲ್ಲ.