‘ಗೆಟ್’ ಆದಮೇಲೆ ಏನು ಬಂತು? ಅದನ್ನು ನೋಡಿದರೆ ಅರ್ಥ ಸಿಕ್ಕಿತು

ನಿಘಂಟಿನಲ್ಲಿ ಇಂಗ್ಲಿಷಿನ ‘ಗೆಟ್’ (get) ಎಂಬ ಪದ ಹುಡುಕಿದವರು ಅರ್ಧ ಪುಟ ಓದುವಷ್ಟರಲ್ಲಿ ಕೈಬಿಡುತ್ತಾರೆ. ಸಿಗು, ಪಡೆ, ತರು, ಆಗು, ತಲುಪು, ಅರ್ಥವಾಗು, ಮಾಡಿಸು, ಹತ್ತು, ಇಳಿ, ಏಳು ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಬಾಯಿಪಾಠ ಮಾಡಿದರೂ ಮಾತಿನ ನಡುವೆ ಯಾವುದನ್ನು ಹಿಡಿಯಬೇಕೆಂದು ಹೊಳೆಯುವುದಿಲ್ಲ. ಆದರೆ ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವವರಿಗೂ ಬಂಗಾರಪೇಟೆಯಲ್ಲಿ ರೈಲು ಹಿಡಿದು ದಿನಾ ಬೆಂಗಳೂರಿಗೆ ಹೋಗಿಬರುವವರಿಗೂ ಮೊದಲ ವಾರದಲ್ಲೇ ಎದುರಾಗುವ ಪದವಿದು. ಸೂಪರ್‌ವೈಸರ್ ‘ಗೆಟ್ ಇಟ್ ಡನ್’ ಅನ್ನುತ್ತಾರೆ. ಇಂಟರ್‌ವ್ಯೂ ಮುಗಿದ ಮೇಲೆ ‘ವಿ ವಿಲ್ ಗೆಟ್ ಬ್ಯಾಕ್ ಟು ಯು’ ಅನ್ನುತ್ತಾರೆ. ಕೆಲಸ ತೋರಿಸಿಕೊಟ್ಟವರು ‘ಗಾಟ್ ಇಟ್?’ ಎಂದು ಕೇಳುತ್ತಾರೆ. ಮೂರಕ್ಕೂ ‘ಪಡೆ’ ಎಂಬ ಅರ್ಥವನ್ನೇ ಹಚ್ಚಿದರೆ ಒಂದೂ ಬಗೆಹರಿಯುವುದಿಲ್ಲ.

ದಾರಿ ಬೇರೆ ಇದೆ. ‘ಗೆಟ್’ ಪದವನ್ನು ಬಿಟ್ಟು ಅದರ ಪಕ್ಕದಲ್ಲಿ ಕೂತಿರುವ ಪದವನ್ನು ನೋಡಬೇಕು. ಅದು ವಸ್ತುವೇ, ಗುಣವೇ, ಊರೇ, ಆಗಿಹೋದ ಕೆಲಸವೇ ಎಂದು ಗುರುತಿಸಿದರೆ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ರೂಪ ಸರಿಯಾಗಲಿ. ಈಗಿನದ್ದಕ್ಕೆ ‘ಗೆಟ್’, ಆಗಿಹೋದದ್ದಕ್ಕೆ ‘ಗಾಟ್’. ಅಮೆರಿಕದವರು ‘ಹ್ಯಾವ್ ಗಾಟನ್’ ಎನ್ನುವುದೂ ಉಂಟು. ನಮ್ಮ ಪಠ್ಯಗಳಲ್ಲಿ ‘ಹ್ಯಾವ್ ಗಾಟ್’ ಸಾಕು. ಉಚ್ಚಾರಣೆ ಹ್ರಸ್ವ. ಎಳೆದರೆ ಅದು ‘ಗೇಟ್’ ಆಗಿ ಬಾಗಿಲ ಬಳಿ ಹೋಗಿ ನಿಲ್ಲುತ್ತದೆ. ‘ಡಿಡ್’ ಬಂದಲ್ಲಿ ‘ಗಾಟ್’ ಬರಕೂಡದು. ‘ಡಿಡ್ ಯು ಗಾಟ್ ದಿ ಟಿಕೆಟ್?’ ತಪ್ಪು, ‘ಡಿಡ್ ಯು ಗೆಟ್ ದಿ ಟಿಕೆಟ್?’ ಸರಿ. ಕಾಲವನ್ನು ‘ಡಿಡ್’ ಆಗಲೇ ಹೇಳಿಬಿಟ್ಟಿರುತ್ತದೆ.

ಇನ್ನೊಂದು ಮಾತು ತಲೆಯಲ್ಲಿರಲಿ. ‘ಗೆಟ್’ ಬಹುತೇಕ ಯಾವಾಗಲೂ ಬದಲಾವಣೆಯನ್ನು ಹೇಳುತ್ತದೆ: ಮುಂಚೆ ಇರಲಿಲ್ಲ, ಈಗ ಆಯಿತು. ‘ಐ ಹ್ಯಾವ್ ಎ ಫೀವರ್’ ಎಂದರೆ ಜ್ವರ ಇದೆ, ‘ಐ ಗಾಟ್ ಎ ಫೀವರ್’ ಎಂದರೆ ಜ್ವರ ಬಂತು. ‘ಶಿ ಈಸ್ ಮ್ಯಾರೀಡ್’ ಎಂದರೆ ಅವರಿಗೆ ಮದುವೆಯಾಗಿದೆ, ‘ಶಿ ಗಾಟ್ ಮ್ಯಾರೀಡ್ ಇನ್ ಮೇ’ ಎಂದರೆ ಮೇ ತಿಂಗಳಲ್ಲಿ ಮದುವೆಯಾಯಿತು. ಸುಮಾರು 800 ವರ್ಷಗಳ ಹಿಂದೆ ಸ್ಕ್ಯಾಂಡಿನೇವಿಯದ ಹಳೆಯ ನಾರ್ಸ್ ಭಾಷೆಯಿಂದ ಇಂಗ್ಲಿಷಿಗೆ ಬಂದಾಗ ಈ ಪದಕ್ಕೆ ಮುಖ್ಯವಾಗಿ ಪಡೆ, ಗಳಿಸು ಎಂಬ ಅರ್ಥವಿತ್ತು. ಉಳಿದವು ಆಮೇಲೆ ಕೂಡಿಕೊಂಡವು. ಆದರೂ ಈ ‘ಹೊಸದಾಗಿ ಆಯಿತು’ ಎಂಬ ಎಳೆ ಬಹುತೇಕ ಎಲ್ಲದರಲ್ಲೂ ಉಳಿದಿದೆ.

ಪಕ್ಕದಲ್ಲಿ ವಸ್ತು ಇದ್ದರೆ

ಸಿಗು, ಬರು, ಕೊಳ್ಳು, ತರು — ಈ ನಾಲ್ಕರಲ್ಲಿ ಒಂದು. ‘ಐ ಗಾಟ್ ಎ ಮೆಸೇಜ್’ ಎಂದರೆ ಮೆಸೇಜ್ ಬಂತು. ‘ಐ ಗಾಟ್ ದಿಸ್ ಸ್ಯಾರಿ ಇನ್ ಚಿಕ್ಕಪೇಟೆ’ ಎಂದರೆ ಚಿಕ್ಕಪೇಟೆಯಲ್ಲಿ ಕೊಂಡದ್ದು. ‘ಗೆಟ್’ ಆದಮೇಲೆ ಮೊದಲು ವ್ಯಕ್ತಿ, ಆಮೇಲೆ ವಸ್ತು ಬಂದರೆ ತಂದುಕೊಡು ಎಂದರ್ಥ: ‘ಗೆಟ್ ಮಿ ಎ ಗ್ಲಾಸ್ ಆಫ್ ವಾಟರ್’.

ಇಲ್ಲಿ ನಮ್ಮವರು ಎಡವುವುದು ‘ಗೆಟ್’ ಪದದಲ್ಲಿ ಅಲ್ಲ, ‘ನನಗೆ’ ಎಂಬಲ್ಲಿ. ಕನ್ನಡದಲ್ಲಿ ‘ನನಗೆ ಜ್ವರ ಬಂತು’, ‘ನನಗೆ ಕೆಲಸ ಸಿಕ್ಕಿತು’ ಅನ್ನುತ್ತೇವೆ. ಬರುವುದು ಜ್ವರ, ಸಿಗುವುದು ಕೆಲಸ. ನಾವು ‘ಗೆ’ ಹಚ್ಚಿಕೊಂಡು ಪಕ್ಕದಲ್ಲಿರುತ್ತೇವೆ. ಕೋಲಾರದ ಎಷ್ಟೋ ಮನೆಗಳಲ್ಲಿ ಆಡುವ ತೆಲುಗಿನಲ್ಲೂ ‘ನಾಕು ಜ್ವರಂ ವಚ್ಚಿಂದಿ’ ಎಂದೇ ಇದೆ, ಕೆಜಿಎಫ್ ಕಡೆಯ ತಮಿಳಿನಲ್ಲೂ ಇದೇ ಕಟ್ಟು. ಹಾಗಾಗಿ ಬಾಯಿಗೆ ‘ಫೀವರ್ ಕೇಮ್ ಟು ಮಿ’ ಎಂದು ಬರುವುದು ಸಹಜ. ಇಂಗ್ಲಿಷಿನಲ್ಲಿ ‘ನನಗೆ’ ಎಂಬುದನ್ನು ‘ಐ’ ಮಾಡಿ ವಾಕ್ಯದ ತಲೆಗೆ ತರಬೇಕು. ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಮಾರಿದವರ ಮಾತನ್ನೇ ತೆಗೆದುಕೊಳ್ಳಿ: ‘ನಮಗೆ 15 ಕೆ.ಜಿ. ಬಾಕ್ಸಿಗೆ 300 ರೂಪಾಯಿ ಸಿಕ್ಕಿತು’. ಇದು ‘ವಿ ಗಾಟ್ ತ್ರೀ ಹಂಡ್ರೆಡ್ ರುಪೀಸ್ ಫಾರ್ ಎ ಫಿಫ್ಟೀನ್ ಕೆಜಿ ಬಾಕ್ಸ್’ ಆಗುತ್ತದೆ. ‘ನಮಗೆ’ ಹೋಗಿ ‘ವಿ’ ಬಂತು, ರೂಪಾಯಿ ‘ಗಾಟ್’ ಪಕ್ಕಕ್ಕೆ ಹೋಯಿತು. ಬದಲಾದದ್ದು ಇಷ್ಟೇ.

ಆದರೆ ‘ಬರು’ ಇದ್ದಲ್ಲೆಲ್ಲ ‘ಗೆಟ್’ ಹಾಕಲಾಗದು. ‘ನನಗೆ ಇಂಗ್ಲಿಷ್ ಬರುತ್ತದೆ’ ಎಂಬುದು ‘ಐ ನೋ ಇಂಗ್ಲಿಷ್’. ಅದು ತಿಳಿದಿರುವ ವಿಷಯ, ಹೊಸದಾಗಿ ಬಂದದ್ದಲ್ಲ.

ಸಂಬಳದ ಪ್ರಶ್ನೆಗೆ ‘ಐ ಆಮ್ ಗೆಟ್ಟಿಂಗ್ ಏಟೀನ್ ಥೌಸಂಡ್ ಸ್ಯಾಲರಿ’ ಎಂದು ಉತ್ತರಿಸುವವರು ಬಹಳ. ತಿಂಗಳು ತಿಂಗಳು ಬರುವುದಕ್ಕೆ ‘ಇಂಗ್’ ಬೇಡ. ‘ಐ ಗೆಟ್ ಏಟೀನ್ ಥೌಸಂಡ್ ಎ ಮಂತ್’ ಅನ್ನಿ, ಚೊಕ್ಕವಾಗಿರುತ್ತದೆ.

ಪಕ್ಕದಲ್ಲಿ ಗುಣ ಇದ್ದರೆ

ಕನ್ನಡದ ‘ಆಗು’. ‘ಕತ್ತಲಾಗುತ್ತಿದೆ’ ಎಂಬುದು ‘ಇಟ್ ಈಸ್ ಗೆಟ್ಟಿಂಗ್ ಡಾರ್ಕ್’, ‘ಹೊತ್ತಾಯಿತು’ ಎಂಬುದು ‘ಇಟ್ ಈಸ್ ಗೆಟ್ಟಿಂಗ್ ಲೇಟ್’, ‘ಕಾಫಿ ಆರಿಹೋಗುತ್ತಿದೆ’ ಎಂಬುದು ‘ದಿ ಕಾಫಿ ಈಸ್ ಗೆಟ್ಟಿಂಗ್ ಕೋಲ್ಡ್’. ಕನ್ನಡದಲ್ಲಿ ಕರ್ತೃ ಇಲ್ಲದೆಯೇ ‘ಕತ್ತಲಾಯಿತು’ ಎಂದು ಮುಗಿಸಬಹುದು. ಇಂಗ್ಲಿಷಿನಲ್ಲಿ ‘ಇಟ್’ ಬೇಕೇ ಬೇಕು.

ಒಂದು ಗಡಿ ಇದೆ. ‘ಆಗು’ ಜೊತೆ ಹುದ್ದೆ, ವೃತ್ತಿ ಬಂದರೆ ‘ಗೆಟ್’ ನಡೆಯುವುದಿಲ್ಲ. ‘ಅವಳು ನರ್ಸ್ ಆದಳು’ ಎಂಬುದಕ್ಕೆ ‘ಶಿ ಬಿಕೇಮ್ ಎ ನರ್ಸ್’. ಅಲ್ಲಿ ‘ಗಾಟ್’ ಹಾಕಿ ‘ಶಿ ಗಾಟ್ ಎ ನರ್ಸ್’ ಅಂದರೆ ಆಕೆಗೆ ಒಬ್ಬ ನರ್ಸ್ ಸಿಕ್ಕರು ಎಂದಾಗುತ್ತದೆ.

ಪಕ್ಕದಲ್ಲಿ ಊರು, ಜಾಗ ಇದ್ದರೆ

ತಲುಪು ಎಂದರ್ಥ. ‘ವೆನ್ ಡಸ್ ದಿಸ್ ಟ್ರೈನ್ ಗೆಟ್ ಟು ಬಂಗಾರಪೇಟೆ?’, ‘ಹೌ ಡು ಐ ಗೆಟ್ ಟು ಅಂತರಗಂಗೆ?’ ಊರಿನ ಹೆಸರಿದ್ದರೆ ‘ಟು’ ಬೇಕು. ಹೋಮ್, ಹಿಯರ್, ದೇರ್ ಇದ್ದರೆ ‘ಟು’ ಬೇಡ, ‘ಐ ಗಾಟ್ ಹೋಮ್ ಅಟ್ ನೈನ್’ ಸಾಕು. ‘ರೀಚ್’ ಬಳಸಿದರೆ ಎಲ್ಲೂ ‘ಟು’ ಇಲ್ಲ. ಎರಡನ್ನೂ ಕಲಸಿ ‘ರೀಚ್ಡ್ ಟು ಕೋಲಾರ’ ಎಂದು ಬರೆಯುವುದು ಇಲ್ಲಿಂದಲೇ ಹುಟ್ಟಿದ ತಪ್ಪು.

‘ಗೆಟ್ ಟು’ ಆದಮೇಲೆ ಊರಿನ ಬದಲು ಕ್ರಿಯಾಪದ ಬಂದರೆ ಅರ್ಥ ಹೊರಳುತ್ತದೆ. ‘ಐ ಗಾಟ್ ಟು ವರ್ಕ್ ಆನ್ ದಿ ನ್ಯೂ ಮೆಷಿನ್’ ಎಂದರೆ ಹೊಸ ಮೆಷಿನ್ ಮೇಲೆ ಕೆಲಸ ಮಾಡುವ ಅವಕಾಶ ಸಿಕ್ಕಿತು. ಅದಕ್ಕೆ ‘ಹ್ಯಾವ್’ ಸೇರಿ ‘ಐ ಹ್ಯಾವ್ ಗಾಟ್ ಟು ವರ್ಕ್ ಆನ್ ಸಂಡೇ’ ಆದರೆ ಭಾನುವಾರ ಕೆಲಸ ಮಾಡಲೇಬೇಕು. ಮಾತಿನ ವೇಗದಲ್ಲಿ ಆ ‘ಹ್ಯಾವ್’ ಬರೀ ‘ವ್’ ಆಗಿ ಕರಗುತ್ತದೆ, ಒಮ್ಮೊಮ್ಮೆ ಕೇಳುವುದೂ ಇಲ್ಲ, ‘ಗಾಟ್ ಟು’ ಕೂಡಿಕೊಂಡು ‘ಗಾಟಾ’ ಆಗುತ್ತದೆ. ಅನುಮಾನ ಬಂದರೆ ಕಾಲ ನೋಡಿ: ಮುಂದೆ ಆಗಬೇಕಾದ ಕೆಲಸದ ಮಾತಿದ್ದರೆ ‘ಮಾಡಲೇಬೇಕು’, ಆಗಿಹೋದ ಕೆಲಸದ ಮಾತಿದ್ದರೆ ‘ಅವಕಾಶ ಸಿಕ್ಕಿತು’.

ಟು ಇಲ್ಲದ ಬರೀ ‘ಹ್ಯಾವ್ ಗಾಟ್’ ಎಂದರೆ ‘ಇದೆ’ ಎಂದಷ್ಟೇ. ‘ಐ ಹ್ಯಾವ್ ಗಾಟ್ ಟೂ ಸಿಸ್ಟರ್ಸ್’ ಎಂದರೆ ನನಗೆ ಇಬ್ಬರು ಅಕ್ಕತಂಗಿಯರಿದ್ದಾರೆ. ಬದಲಾವಣೆಯ ಎಳೆ ಕಾಣದ ಬಳಕೆ ಇದೊಂದು.

‘ಮಾಡಿದೆ’ ಬೇರೆ, ‘ಮಾಡಿಸಿದೆ’ ಬೇರೆ

ಇಡೀ ವಿಷಯದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. ಕನ್ನಡದಲ್ಲಿ ‘ಇಸು’ ಹಚ್ಚಿದರೆ ಸಾಕು: ಕೊಯ್ದೆ, ಕೊಯ್ಸಿದೆ, ಹೊಲಿದೆ, ಹೊಲಿಸಿದೆ, ಕೊರೆದರು, ಕೊರೆಸಿದರು. ತೆಲುಗಿನ ‘ಚೇಯಿಂಚು’ ಕೂಡ ಇದೇ. ಕೆಲಸ ಯಾರ ಕೈಯಿಂದ ಆಯಿತು, ಯಾರ ಮಾತಿನಿಂದ ಆಯಿತು ಎಂಬ ವ್ಯತ್ಯಾಸ ನಮಗೆ ಒಂದೇ ಅಕ್ಷರದಲ್ಲಿ ಸಿಗುತ್ತದೆ. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯವಿಲ್ಲ. ಅದರ ಕೆಲಸವನ್ನು ‘ಗೆಟ್’ ಮಾಡುತ್ತದೆ.

‘ಐ ಕಟ್ ಮೈ ಹೇರ್’ ಎಂದರೆ ಕತ್ತರಿ ನಿಮ್ಮ ಕೈಯಲ್ಲೇ ಇತ್ತು. ಸೆಲೂನಿಗೆ ಹೋಗಿ ಬಂದವರು ಹೇಳಬೇಕಾದದ್ದು ‘ಐ ಗಾಟ್ ಮೈ ಹೇರ್ ಕಟ್’. ಹಂತ ಹೀಗೆ: ಮೊದಲು ‘ಗೆಟ್’ ಅಥವಾ ‘ಗಾಟ್’, ಆಮೇಲೆ ಯಾವುದನ್ನು ಮಾಡಿಸಿದಿರೋ ಆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ (ಡು, ಡಿಡ್, ಡನ್ ಎಂಬಲ್ಲಿನ ‘ಡನ್’ ತರಹದ್ದು).

‘ಬ್ಲೌಸ್ ಹೊಲಿಸಿದೆ’ — ‘ಐ ಗಾಟ್ ಎ ಬ್ಲೌಸ್ ಸ್ಟಿಚ್ಡ್’.
‘ಬೋರ್‌ವೆಲ್ ಕೊರೆಸಿದೆವು’ — ‘ವಿ ಗಾಟ್ ಎ ಬೋರ್‌ವೆಲ್ ಡ್ರಿಲ್ಡ್’.
‘ಆಧಾರ್ ಅಪ್‌ಡೇಟ್ ಮಾಡಿಸಬೇಕು’ — ‘ಐ ಹ್ಯಾವ್ ಟು ಗೆಟ್ ಮೈ ಆಧಾರ್ ಅಪ್‌ಡೇಟೆಡ್’.

ವಸ್ತುವನ್ನು ಕೊನೆಗೆ ತಳ್ಳಿ ‘ಐ ಗಾಟ್ ಸ್ಟಿಚ್ಡ್ ಎ ಬ್ಲೌಸ್’ ಎಂದರೆ ವಾಕ್ಯ ಕೆಡುತ್ತದೆ. ಮೂರನೇ ರೂಪದ ಬಾಲ ಬಿಟ್ಟು ‘ಗಾಟ್ ಎ ಬ್ಲೌಸ್ ಸ್ಟಿಚ್’ ಎಂದರೂ ಅಷ್ಟೇ. ಆ ‘ಡ್’ ಬಾಯಲ್ಲಿ ಸರಿಯಾಗಿ ಕೇಳದಿದ್ದರೂ ಬರವಣಿಗೆಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಸೂಪರ್‌ವೈಸರ್ ಹೇಳಿದ ‘ಗೆಟ್ ಇಟ್ ಡನ್’ ಇದೇ ಕಟ್ಟು: ನೀವೇ ಮಾಡಿ, ಬೇರೆಯವರ ಕೈಲಿ ಮಾಡಿಸಿ, ಕೆಲಸ ಮುಗಿದಿರಬೇಕು.

ಯಾರ ಕೈಲಿ ಮಾಡಿಸಿದಿರಿ ಎಂದು ಹೇಳಬೇಕಿದ್ದರೆ ವ್ಯಕ್ತಿಯನ್ನು ತಂದು ‘ಟು’ ಹಾಕಿ: ‘ಐ ಗಾಟ್ ದಿ ಎಲೆಕ್ಟ್ರಿಷಿಯನ್ ಟು ಚೆಕ್ ದಿ ಮೋಟಾರ್’. ಎಲೆಕ್ಟ್ರಿಷಿಯನ್ ಕೈಲಿ ಮೋಟಾರ್ ನೋಡಿಸಿದೆ. ಈ ‘ಟು’ ಬಿಡುವಂತಿಲ್ಲ. ‘ಮೇಡ್’ ಬಳಸಿದರೆ ಮಾತ್ರ ‘ಟು’ ಇಲ್ಲ, ಆದರೆ ಅದರಲ್ಲಿ ಒತ್ತಾಯದ ಧ್ವನಿ ಇದೆ. ಹೇಳಿ, ಕೇಳಿ, ಒಪ್ಪಿಸಿ ಮಾಡಿಸಿದ್ದಕ್ಕೆ ‘ಗಾಟ್’ ಚೆನ್ನ.

ವಸ್ತು ಇಲ್ಲದೆ ಮೂರನೇ ರೂಪ ನೇರವಾಗಿ ಪಕ್ಕಕ್ಕೆ ಬಂದರೆ, ಆ ಕೆಲಸ ನಿಮಗೇ ಆಯಿತು ಎಂದರ್ಥ. ‘ಐ ಗಾಟ್ ಪ್ರಮೋಟೆಡ್’, ‘ವಿ ಗಾಟ್ ಸ್ಟಕ್ ಇನ್ ಟ್ರಾಫಿಕ್’. ‘ಗಾಟ್ ಎ ಪ್ರಮೋಷನ್’ ಎಂದರೂ ಸರಿ. ‘ಗಾಟ್ ಪ್ರಮೋಟ್’ ಮಾತ್ರ ಎಲ್ಲೂ ಸಲ್ಲದು. ಇಂಥವರನ್ನು ಮದುವೆಯಾದರು ಎನ್ನಲು ‘ಗಾಟ್ ಮ್ಯಾರೀಡ್ ಟು’ ಎನ್ನಬೇಕು, ‘ವಿತ್’ ಅಲ್ಲ. ಫೋನ್ ಕಳುವಾದರೆ ‘ಮೈ ಫೋನ್ ಗಾಟ್ ಸ್ಟೋಲನ್’ ಅನ್ನಿ. ‘ಐ ಗಾಟ್ ಮೈ ಫೋನ್ ಸ್ಟೋಲನ್’ ಎಂದರೆ ನೀವೇ ಯಾರಿಗೋ ಹೇಳಿ ಕದಿಸಿದಿರಿ ಎಂದೂ ಕೇಳಿಸಬಹುದು.

ಅರ್ಥವಾಯಿತೇ?

‘ಗಾಟ್ ಇಟ್’ ಎಂದರೆ ಅರ್ಥವಾಯಿತು, ‘ಐ ಡೋಂಟ್ ಗೆಟ್ ಇಟ್’ ಎಂದರೆ ಅರ್ಥವಾಗಲಿಲ್ಲ. ನಮ್ಮಲ್ಲಿ ಫೋನಿನಲ್ಲಿ ‘ಐ ಆಮ್ ನಾಟ್ ಗೆಟ್ಟಿಂಗ್ ಯು’ ಎನ್ನುವ ರೂಢಿ ಬಲವಾಗಿದೆ. ಅದು ಮಾತು ಕೇಳಿಸಲಿಲ್ಲ ಎಂದೋ ತಿಳಿಯಲಿಲ್ಲ ಎಂದೋ ಎದುರಿನವರಿಗೆ ಗೊತ್ತಾಗುವುದಿಲ್ಲ. ಸಿಗ್ನಲ್ ಕೈಕೊಟ್ಟಿದ್ದರೆ ‘ಐ ಕಾಂಟ್ ಹಿಯರ್ ಯು’, ತಿಳಿಯದಿದ್ದರೆ ‘ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್’ ಎಂದು ಬಿಡಿಸಿ ಹೇಳುವುದು ಒಳ್ಳೆಯದು. ಮೇಲಧಿಕಾರಿಯ ಜೊತೆಯಂತೂ ಹೀಗೇ ಮಾತಾಡಬೇಕು.

ಹತ್ತುವುದು, ಇಳಿಯುವುದು ಮತ್ತು ಇತರೆ

ಒಳಗೆ ಎದ್ದು ನಿಂತು ಓಡಾಡಬಹುದಾದ ಬಸ್ಸು, ರೈಲುಗಳಿಗೆ ‘ಗೆಟ್ ಆನ್’, ‘ಗೆಟ್ ಆಫ್’. ತಲೆ ಬಗ್ಗಿಸಿ ಕೂರಬೇಕಾದ ಕಾರು, ಆಟೋಗಳಿಗೆ ‘ಗೆಟ್ ಇನ್’, ‘ಗೆಟ್ ಔಟ್’. ಬೈಕಿಗೆ ಬಸ್ಸಿನದೇ ನಿಯಮ. ‘ಗೆಟ್ ಡೌನ್ ಫ್ರಮ್ ದಿ ಬಸ್’ ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಹೊರದೇಶದವರು ಮಾತ್ರ ‘ಗೆಟ್ ಆಫ್’ ಎನ್ನುತ್ತಾರೆ.

‘ವೇಕ್ ಅಪ್’ ಎಂದರೆ ಎಚ್ಚರವಾಗು, ‘ಗೆಟ್ ಅಪ್’ ಎಂದರೆ ಹಾಸಿಗೆ ಬಿಟ್ಟು ಏಳು. ‘ಗೆಟ್ ಥ್ರೂ’ ಪರೀಕ್ಷೆ ಪಾಸಾಗುವುದಕ್ಕೂ ಫೋನ್ ಲೈನ್ ಸಿಗುವುದಕ್ಕೂ ಬಳಕೆಯಲ್ಲಿದೆ. ‘ಗೆಟ್ ಅಲಾಂಗ್ ವಿತ್’ ಎಂದರೆ ಹೊಂದಿಕೊಂಡು ಹೋಗು, ‘ಗೆಟ್ ರಿಡ್ ಆಫ್’ ಎಂದರೆ ಬಿಸಾಡು ಅಥವಾ ಕಾಟ ಕಳೆದುಕೊ. ‘ಗೆಟ್ ಬ್ಯಾಕ್’ ಎಂದರೆ ಮರಳಿ ಬರುವುದು. ‘ಗೆಟ್ ಬ್ಯಾಕ್ ಟು ಯು’ ಎಂದರೆ ಆಮೇಲೆ ತಿಳಿಸುತ್ತೇವೆ. ಇಂಟರ್‌ವ್ಯೂನಲ್ಲಿ ಇದನ್ನು ಕೇಳಿದವರು ‘ವಾಪಸ್ ಬನ್ನಿ’ ಎಂದು ತಿಳಿದು ಮರುದಿನ ಗೇಟಿನ ಮುಂದೆ ನಿಲ್ಲಬೇಕಿಲ್ಲ, ಫೋನ್ ಕೈಯಲ್ಲಿದ್ದರೆ ಸಾಕು. ಇಂಥ ಜೋಡಿಗಳು ಇನ್ನೂ ಹತ್ತಾರಿವೆ. ಒಟ್ಟಿಗೆ ಕಲಿಯಲು ಕೂರಬೇಡಿ; ಕಿವಿಗೆ ಬಿದ್ದಾಗ ಇಡೀ ವಾಕ್ಯದ ಸಮೇತ ಬರೆದುಕೊಳ್ಳಿ.

ಅರ್ಜಿ, ಕಚೇರಿ ಪತ್ರಗಳಲ್ಲಿ ‘ಗೆಟ್’ ಕಡಿಮೆ ಇರಲಿ. ಅಲ್ಲಿ ‘ಐ ಗಾಟ್ ಯುವರ್ ಲೆಟರ್’ ಬದಲು ‘ಐ ಹ್ಯಾವ್ ರಿಸೀವ್ಡ್ ಯುವರ್ ಲೆಟರ್’ ಶೋಭೆ.

ಅಭ್ಯಾಸ ಮಾಡುವ ಬಗೆ

ರಾತ್ರಿ ಮಲಗುವ ಮುಂಚೆ ಆ ದಿನದ ಐದಾರು ಸಂಗತಿಗಳನ್ನು ಕನ್ನಡದಲ್ಲೇ ಬರೆಯಿರಿ. ಸಿಕ್ಕಿತು, ಬಂತು, ಆಯಿತು, ಮುಟ್ಟಿದೆ, ಮಾಡಿಸಿದೆ ಎಂಬ ಪದಗಳಿಗೆ ಗೆರೆ ಎಳೆಯಿರಿ. ಎಲ್ಲೆಲ್ಲಿ ‘ನನಗೆ’ ಇದೆಯೋ ಅಲ್ಲಿ ‘ನಾನು’ ಎಂದು ತಿದ್ದಿಕೊಳ್ಳಿ, ಕನ್ನಡ ಸೊಟ್ಟಗಾದರೂ ಚಿಂತೆಯಿಲ್ಲ. ಆಮೇಲೆ ಇಂಗ್ಲಿಷಿಗೆ ತಂದು ಜೋರಾಗಿ ಓದಿ. ಒಂದು ಮಾದರಿ:

‘ನಿನ್ನೆ ಕತ್ತಲಾದ ಮೇಲೆ ಮನೆ ಮುಟ್ಟಿದೆ. ಮಳೆಯಲ್ಲಿ ನೆನೆದುಹೋದೆ. ಬೆಳಿಗ್ಗೆ ಜ್ವರ ಬಂತು. ಅಣ್ಣ ಮಾತ್ರೆ ತಂದುಕೊಟ್ಟ. ಬೈಕ್ ರಿಪೇರಿ ಮಾಡಿಸಬೇಕಿತ್ತು, ಆಗಲಿಲ್ಲ. ಸಂಜೆ ಕಂಪನಿಯಿಂದ ಮೆಸೇಜ್ ಬಂತು: ನೀವು ಸೆಲೆಕ್ಟ್ ಆಗಿದ್ದೀರಿ.’

‘ಐ ಗಾಟ್ ಹೋಮ್ ಆಫ್ಟರ್ ಡಾರ್ಕ್ ಯೆಸ್ಟರ್‌ಡೇ. ಐ ಗಾಟ್ ವೆಟ್ ಇನ್ ದಿ ರೇನ್. ಐ ಗಾಟ್ ಎ ಫೀವರ್ ಇನ್ ದಿ ಮಾರ್ನಿಂಗ್. ಮೈ ಬ್ರದರ್ ಗಾಟ್ ಮಿ ಸಮ್ ಟ್ಯಾಬ್ಲೆಟ್ಸ್. ಐ ಹ್ಯಾಡ್ ಟು ಗೆಟ್ ಮೈ ಬೈಕ್ ರಿಪೇರ್ಡ್, ಬಟ್ ಐ ಕುಡ್ ನಾಟ್. ಇನ್ ದಿ ಈವ್ನಿಂಗ್ ಐ ಗಾಟ್ ಎ ಮೆಸೇಜ್ ಫ್ರಮ್ ದಿ ಕಂಪನಿ: ಯು ಹ್ಯಾವ್ ಬೀನ್ ಸೆಲೆಕ್ಟೆಡ್.’

ಕೊನೆಯ ವಾಕ್ಯದಲ್ಲಿ ‘ಗೆಟ್’ ಇಲ್ಲ, ಏಕೆಂದರೆ ಅದು ಕಂಪನಿ ಬರೆದು ಕಳಿಸಿದ ಮಾತು. ಸ್ನೇಹಿತರಿಗೆ ಫೋನ್ ಮಾಡಿ ಹೇಳುವಾಗ ‘ಐ ಗಾಟ್ ಸೆಲೆಕ್ಟೆಡ್’ ಅನ್ನಿ.